ಕ್ಯಾಬಿನ್ನಿನ ಕಣ್ಣಿಗೆ ಕಾಕಾನ ವಸ್ತ್ರ

ಮುಂಜಾನೆ ಜಳಕ ಮುಗಿಸಿ ಲಾರಿ ಹತ್ತಿದ ಮೇಲೆ, ಕೊರಳಲ್ಲಿನ ಕರಡಿಗೆ ಬಿಚ್ಚುವ ಮೊದಲು, ನಮ್ಮ ಕಾಕಾ ಮುಂದಿನ ಗಾಜಿಗೆ ಅಂಟಿಸಿದ, ಡ್ರೈವರ್ ತೂಕಡಿಸುತ್ತಾನೋ ಎಂದು ಒಳಗೇ ನೋಡುವ ಕ್ಯಾಮೆರಾದ ಮೇಲೆ ಒಂದು ವಸ್ತ್ರ ಹಾಕುತ್ತಾರೆ. ಇಷ್ಟಲಿಂಗ ಪರರಿಗೆ ತೋರಿಸುವಂಥದ್ದಲ್ಲ ಅನ್ನುವುದು ನಮ್ಮ ಮನೆತನದ ರೂಢಿ. ಹೋದ ಏಪ್ರಿಲ್‌ನಲ್ಲಿ ರಜೆಗೆ ಬಂದಾಗ ನಾನೂ ಅವರ ಜೋಡಿ ಒಂದು ಟ್ರಿಪ್ ಹೋಗಿದ್ದೆ. ಸೇಡಂನಿಂದ ಸಿಮೆಂಟ್ ಹೇರಿಕೊಂಡು, ಕಲಬುರಗಿ ದಾಟಿ, ಹುಮನಾಬಾದ್ ಹತ್ತಿರದ ಧಾಬಾದಲ್ಲಿ ರಾತ್ರಿ ಕಳೆದಿದ್ದೆವು. ಪೂಜೆಗೆ ಕುಂತು ಇನ್ನೂ ಏಳೆಂಟು ನಿಮಿಷ ಆಗಿರಲಿಲ್ಲ, ಮಾಲಕರ ಆಫೀಸಿನಿಂದ ಫೋನು.

‘ಕ್ಯಾಮೆರಾ ಯಾಕ ಮುಚ್ಚೀರಿ?’

ಅಂಗೈಯಲ್ಲಿ ಲಿಂಗ ಹಿಡಿದ ಮನುಷ್ಯ ಮಾತಾಡುವುದಾದರೂ ಹೇಗೆ? ನಾನೇ ಅಂದೆ: ‘ಪೂಜಾ ನಡದದ್ರಿ.’ ಆ ಕಡೆಯ ಹುಡುಗ, ‘ಹಂಗಾದ್ರ ಮೊದಲೇ ಹೇಳಬೇಕಲ್ರಿ’ ಅಂದ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಅನ್ನುತ್ತಾರಲ್ಲ, ಈಗಿನ ಕರಡಿಗೆ ಸಿಮ್ ಕಾರ್ಡ್ ಇರುತ್ತದೆ.

ನಾನು ಜರ್ಮನಿಯ ಹ್ಯಾಂಬರ್ಗ್ ಬಂದರಿನ ಹತ್ತಿರ ಒಂದು ಸಾಗಣೆ ಕಂಪನಿಯಲ್ಲಿದ್ದೇನೆ. ಯಾವ ಲಾರಿ ಯಾವಾಗ ಹೊರಡಬೇಕು, ಯಾರ ಪಾಳಿ ಎಂದು ಗೊತ್ತುಮಾಡುವ ಕೆಲಸ. ಅಂದರೆ ಕಾಕಾಗೆ ಫೋನ್ ಮಾಡಿದ ಆ ಹುಡುಗನ ಜಾತಿಯವನೇ ನಾನೂ. ಅದಕ್ಕೇ ಅವನ ಮೇಲೆ ಸಿಟ್ಟು ಬಂದರೂ ಅವನನ್ನು ಪೂರ್ತಿ ಬೈಯಲಾರೆ. ಲಾರಿ ತಡವಾದರೆ ಬೈಗುಳ ಮೊದಲು ಬರುವುದು ನಮ್ಮಂಥವರಿಗೆ.

ನಮ್ಮ ಕಂಪನಿಯವರೂ ಡ್ರೈವರನ ಮುಖಕ್ಕೆ ಕ್ಯಾಮೆರಾ ಹಚ್ಚಲು ನೋಡಿದ್ದರು. ಆಗಲಿಲ್ಲ. ನೌಕರರ ನಡವಳಿಕೆ, ಕೆಲಸದ ಮೇಲೆ ಕಣ್ಣಿಡಬಲ್ಲ ಯಂತ್ರ ಯಾವುದೇ ಇರಲಿ, ನೌಕರರು ಆರಿಸಿದ ಮಂಡಳಿ ಒಪ್ಪದೆ ಕೂಡಿಸುವಂತಿಲ್ಲ ಎಂದು ಜರ್ಮನಿಯ 1972ರ ಕಾನೂನಿನ 87ನೇ ಕಲಂ ಹೇಳುತ್ತದೆ. ಮಂಡಳಿ ರಸ್ತೆ ನೋಡುವ ಕ್ಯಾಮೆರಾಕ್ಕೆ ಹೂಂ ಅಂತು, ಮುಖ ನೋಡುವುದಕ್ಕೆ ಊಹೂಂ ಅಂತು. ಹಾಗಂತ ಇಲ್ಲಿ ತೂಕಡಿಕೆಗೆ ಮದ್ದಿಲ್ಲ ಅಂತಲ್ಲ. ತೂಕಡಿಸುವ ಡ್ರೈವರನನ್ನು ಎಚ್ಚರಿಸುವ ವ್ಯವಸ್ಥೆ 2024ರ ಜುಲೈಯಿಂದ ಯುರೋಪಿನ ಒಕ್ಕೂಟದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರು, ಬಸ್ಸು, ಲಾರಿಗಳಲ್ಲಿ ಕಡ್ಡಾಯ. ಆದರೆ ಅದು ಗಂಟೆ ಬಾರಿಸಬೇಕಾದದ್ದು ಕ್ಯಾಬಿನ್ನಿನ ಒಳಗೆ ಮಾತ್ರ. ಕಂಡದ್ದನ್ನು ಕೂಡಿಟ್ಟುಕೊಳ್ಳುವಂತಿಲ್ಲ, ಮೂರನೆಯವರಿಗೆ ದಾಟಿಸುವಂತಿಲ್ಲ ಎಂದು ನಿಯಮದಲ್ಲೇ ಬರೆದಿದ್ದಾರೆ. ಮಲಗಿದವನನ್ನು ಎಬ್ಬಿಸುವುದು ಬೇರೆ, ಮಲಗಿದ್ದನ್ನು ಊರಿಗೆಲ್ಲ ಸಾರುವುದು ಬೇರೆ.

ಇಲ್ಲಿ ಎಲ್ಲವೂ ಚಂದ ಅಂತ ತಿಳಿಯಬೇಡಿ. ಮಂಡಳಿ ಇಲ್ಲದ ಸಣ್ಣ ಕಂಪನಿಗಳು ಬೇಕಾದಷ್ಟಿವೆ. ಭಾನುವಾರ ರಾತ್ರಿ ಹತ್ತರವರೆಗೆ ಭಾರಿ ಲಾರಿಗಳು ರಸ್ತೆಗಿಳಿಯುವಂತಿಲ್ಲ; ಆಗ ಹೆದ್ದಾರಿ ಬದಿಯಲ್ಲಿ ಪೋಲೆಂಡ್, ರೊಮೇನಿಯಾದ ಡ್ರೈವರುಗಳು ಸಣ್ಣ ಗ್ಯಾಸ್ ಒಲೆ ಹಚ್ಚಿ ಕುಂತಿರುತ್ತಾರೆ. ಅವರನ್ನು ನೋಡಿದರೆ ಹುಮನಾಬಾದ್ ನೆನಪಾಗುತ್ತದೆ.

ಆದರೂ ದೊಡ್ಡ ಫರಕು ಒಂದಿದೆ. ಇಲ್ಲಿನ ಸರ್ಕಾರ ನೋಡುವುದು ಗಾಲಿಯನ್ನು. ದಿನಕ್ಕೆ 9 ತಾಸಿಗಿಂತ ಹೆಚ್ಚು ಓಡಿಸುವಂತಿಲ್ಲ, ವಾರದಲ್ಲಿ ಎರಡು ದಿನ ಮಾತ್ರ 10ರವರೆಗೆ. ನಾಲ್ಕೂವರೆ ತಾಸಿಗೊಮ್ಮೆ 45 ನಿಮಿಷ ನಿಲ್ಲಲೇಬೇಕು. ಗಾಲಿ ಉರುಳಿದ್ದು, ನಿಂತದ್ದು ಎಲ್ಲ ಟ್ಯಾಕೋಗ್ರಾಫ್ ಎಂಬ ಪೆಟ್ಟಿಗೆಯಲ್ಲಿ, ಡ್ರೈವರನ ಕಾರ್ಡಿನಲ್ಲಿ ದಾಖಲಾಗುತ್ತದೆ. ಕಂಪನಿ 28 ದಿನದೊಳಗೆ ಆ ಕಾರ್ಡಿನ ಲೆಕ್ಕ ಇಳಿಸಿಕೊಳ್ಳಬೇಕು. ತಾಸು ಮೀರುವಂತೆ ನಾನು ಪಾಳಿ ಹಾಕಿದರೆ ದಂಡ ಡ್ರೈವರನಿಗಷ್ಟೇ ಅಲ್ಲ, ಕಂಪನಿಗೂ ಬೀಳುತ್ತದೆ. ಪೆಟ್ಟಿಗೆಯೂ ಒಂದು ಕಾವಲೇ, ನಿಜ. ಆದರೆ ಅದು ನನ್ನನ್ನೂ ಕಾಯುತ್ತದೆ.

ಕಾಕಾನ ಲಾರಿಯ ಕ್ಯಾಮೆರಾ ಹಾಗಲ್ಲ. ಫ್ಯಾಕ್ಟರಿ ಗೇಟಿನ ಮುಂದೆ ಹಗಲು ರಾತ್ರಿ ಪಾಳಿ ಹಚ್ಚಿ ನಿಂತದ್ದು ಅದರ ಲೆಕ್ಕಕ್ಕಿಲ್ಲ. ಲೋಡ್ ಆದ ಮೇಲೆ ‘ನಾಳೆ ಮಧ್ಯಾಹ್ನದೊಳಗ ಮುಟ್ಟಸ್ರಿ’ ಅಂತ ಬಂದ ಫೋನೂ ಇಲ್ಲ. ಭತ್ತಾ ಟ್ರಿಪ್ಪಿನ ಲೆಕ್ಕದ್ದು, ನಿಂತರೆ ನಷ್ಟ ಕಾಕಾನದೇ. ಅದೆಲ್ಲ ಆದ ಮೇಲೆ ಎರಡನೇ ರಾತ್ರಿ ರೆಪ್ಪೆ ಕೂಡಿತೋ, ಆ ಒಂದು ಗಳಿಗೆ ಮಾತ್ರ ಮಾಲಕರ ಮೊಬೈಲಿಗೆ ವಿಡಿಯೋ ಆಗಿ ಹೋಗುತ್ತದೆ. ಕಾಕಾ ಅಂದರು: ‘ಕಣ್ಣ ಕೆಂಪ ಆಗಿದ್ದು ಅದಕ್ಕ ಕಾಣ್ತದ ತಮ್ಮಾ, ಯಾಕ ಆಗ್ಯಾವಂತ ಕಾಣಂಗಿಲ್ಲ.’

ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ತಾಸು, ವಾರಕ್ಕೆ 48 ಎಂದು ನಮ್ಮಲ್ಲಿಯೂ 1961ರಲ್ಲೇ ಕಾನೂನು ಬಂದಿತ್ತು. ಅದರ ಹೆಸರನ್ನು ಕಾಕಾ ಕೇಳಿದ್ದೇ ನನ್ನ ಬಾಯಿಂದ. ತಮಾಷೆಯೆಂದರೆ ಅದೇ ಲಾರಿಗೆ ಜಿಪಿಎಸ್ ಇದೆ. ಗಾಲಿ ಎಷ್ಟು ತಾಸು ಉರುಳಿತು ಅನ್ನುವುದು ಆಫೀಸಿನ ಕಂಪ್ಯೂಟರಿಗೆ ಮೊದಲೇ ಗೊತ್ತು. ಗೊತ್ತಿದ್ದದ್ದನ್ನು ಕೂಡಿಸಿ ನೋಡುವವರಿಲ್ಲ.

ಮಾಲಕರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಡೀಸೆಲ್ ಕದಿಯುವವರಿದ್ದಾರೆ, ಮೊಬೈಲ್ ನೋಡುತ್ತ ಓಡಿಸುವವರಿದ್ದಾರೆ. ರಸ್ತೆಯ ಕಡೆ ಮುಖ ಮಾಡಿದ ಕ್ಯಾಮೆರಾ ಅಂದರೆ ಕಾಕಾಗೂ ಇಷ್ಟ. ಬೈಕಿನವನು ತಾನಾಗಿ ಬಂದು ಬಡಿದರೂ ಮಂದಿ ಮೊದಲು ಹೊಡೆಯುವುದು ಲಾರಿ ಡ್ರೈವರನನ್ನೇ. ಪೊಲೀಸರ ಮುಂದೆ ತೋರಿಸಲು ಒಂದು ಸಾಕ್ಷಿಯಾದರೂ ಇರಲಿ ಅನ್ನುತ್ತಾರೆ. ತಕರಾರು ಒಳಗಿನ ಕಣ್ಣಿನದು. ತಿಂಗಳಲ್ಲಿ ಇಪ್ಪತ್ತು ರಾತ್ರಿ ಕಾಕಾ ಮಲಗುವುದು ಸೀಟಿನ ಹಿಂದಿನ ಹಲಗೆಯ ಮೇಲೆ. ಅಂಗಿ ಬದಲಿಸುವುದು ಅಲ್ಲೇ, ಚಿಗವ್ವನ ಜೋಡಿ ಫೋನಿನಲ್ಲಿ ಜಗಳವೂ ಅಲ್ಲೇ. ಅದಕ್ಕೆ ಮೈಕೂ ಇದೆಯಂತೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ ಬಂದ 2023ರ ದತ್ತಾಂಶ ರಕ್ಷಣೆಯ ಕಾನೂನಿನ 7ನೇ ಕಲಂ ನೋಡಿ: ನೌಕರಿಯ ಉದ್ದೇಶಕ್ಕೆ, ಮಾಲಕನಿಗೆ ನಷ್ಟ ಆಗದಂತೆ ತಡೆಯಲಿಕ್ಕೆ, ನೌಕರನ ಒಪ್ಪಿಗೆ ಕೇಳದೆಯೂ ಅವನ ಮಾಹಿತಿ ಬಳಸಬಹುದು. ಹಕ್ಕು ಮನೆಬಾಗಿಲತನಕ ಬಂದು, ಕ್ಯಾಬಿನ್ನಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಂತಾಯಿತು.

ಹೊರಡುವ ಮೊದಲು ಮಾಲಕರನ್ನು ಕಂಡು ಎರಡು ಮಾತು ಕೇಳಿದೆ. ಎಂಜಿನ್ ಬಂದ್ ಆದಾಗ ಒಳಗಿನ ಕ್ಯಾಮೆರಾ, ಮೈಕು ಎರಡೂ ಬಂದ್ ಆಗಲಿ. ಜಿಪಿಎಸ್ಸಿನ ತಾಸು ಕೂಡಿಸಿ, ಹತ್ತು ದಾಟಿದ ಗಾಡಿಯನ್ನು ನೀವೇ ನಿಲ್ಲಿಸಿರಿ. ಚಹಾ ತರಿಸಿದರು, ಮನೆಯವರ ಕ್ಷೇಮ ಕೇಳಿದರು. ಮೊದಲನೆಯದಕ್ಕೆ ‘ಕ್ಯಾಮೆರಾ ಕಂಪನಿಯವರಿಗೆ ಕೇಳ್ತೀನ್ರಿ’ ಅಂದರು. ಎರಡನೆಯದಕ್ಕೆ ನಕ್ಕು, ‘ಅದು ಜರ್ಮನಿ ಮಾತಾತ್ರಿ, ಇಲ್ಲಿ ನಡೆಂಗಿಲ್ಲ’ ಅಂದರು. ಕ್ಯಾಮೆರಾ ಮಾತ್ರ ನಡೀತದೆ. ಚಿಗವ್ವ ಅದರ ಅಳತೆಗೆ ಒಂದು ಅರಿವೆಯ ಚೀಲ ಹೊಲಿದು ಕೊಟ್ಟಿದ್ದಾಳೆ, ದಾರ ಜಗ್ಗಿದರೆ ಬಾಯಿ ಮುಚ್ಚುವಂಥದ್ದು.