ಕರುಳಿಗೆ ಪೌಡರು, ಸೊಂಟಕ್ಕೆ ಡೈಕ್ಲೋಫೆನಾಕ್

ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬೆಳ್ಳಂಬೆಳಿಗ್ಗೆ ಮತ್ತೊಂದು ಪೌಡರು ಬಂತು. ‘ಲೀಕಿ ಗಟ್’, ಅಂದರೆ ಸೋರುವ ಕರುಳನ್ನು ಮುಚ್ಚುತ್ತದಂತೆ. ಗಂಟುನೋವು, ತುರಿಕೆ, ಮರೆವು ಎಲ್ಲಕ್ಕೂ ಕರುಳಿನ ತೂತೇ ಕಾರಣವಂತೆ. ಅದಕ್ಕೆ ಕೈಮುಗಿದವರಲ್ಲಿ ಎಷ್ಟು ಮಂದಿ ಅಡಿಕೆ ಕೊಯ್ಲು ಮುಗಿಯುವವರೆಗೆ ಡಾಕ್ಟರ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗುತ್ತಾರೆ ಎಂದು ಕೇಳಬಾರದು. ಕೇಳಿದರೆ ನಾನು ಅಧಿಕಪ್ರಸಂಗಿ.

ಕರುಳಿನ ಒಳಗೋಡೆ ಎಂದರೆ ಒಂದೇ ಸಾಲು ಜೀವಕೋಶ, ಮೇಲೆ ಲೋಳೆ. ಮೂರರಿಂದ ಐದು ದಿನಕ್ಕೊಮ್ಮೆ ಆ ಸಾಲು ಹೊಸದಾಗುತ್ತದೆ. ಕೋಶಗಳ ನಡುವಿನ ಸಂದಿಯನ್ನು ಕ್ಲಾಡಿನ್, ಆಕ್ಲುಡಿನ್ ಮುಂತಾದ ಪ್ರೋಟೀನುಗಳು ಬಿಗಿ ಹಿಡಿದಿರುತ್ತವೆ. ಬಿಗಿ ಎಂದರೆ ಸಿಮೆಂಟು ಮೆತ್ತಿದ ಹಾಗಲ್ಲ ಮಾರಾಯ್ರೆ! ನೀರು, ಸೋಡಿಯಂ ಅಲ್ಲಿ ಹಾಯಲೇಬೇಕು. ಮುಚ್ಚುವುದು ಎಂತದನ್ನು?

ಸಂದಿ ಸಡಿಲಿಸುವುದು ನಿಮ್ಮ ನೋವಿನ ಮಾತ್ರೆ. ಅದು ಒಳಗೋಡೆಯನ್ನು ಕಾಯುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಗ್ಗಿಸಿ ಲೋಳೆಯನ್ನೂ ರಕ್ತದ ಹರಿವನ್ನೂ ಕಡಿಮೆ ಮಾಡುತ್ತದೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯವನ್ನೂ ಕೆಡಿಸುತ್ತದೆ. “ಜೊತೆಗೆ ಗ್ಯಾಸಿನ ಮಾತ್ರೆ ತಗೊಳ್ತೇನಲ್ಲ?” ಅದು ಕಾಯುವುದು ಹೊಟ್ಟೆಯನ್ನು, ಸಣ್ಣ ಕರುಳನ್ನಲ್ಲ. ಇಂಜೆಕ್ಷನ್ ಆದರೂ ಅಷ್ಟೇ. ಡೈಕ್ಲೋಫೆನಾಕ್ ಪಿತ್ತದೊಂದಿಗೆ ಮತ್ತೆ ಕರುಳಿಗೇ ಇಳಿಯುತ್ತದೆ.

ಹಾಗಾದರೆ ಲೀಕಿ ಗಟ್ ಸುಳ್ಳೇ? ಅಲ್ಲ. ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್, ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್, ಈ ರೋಗಗಳಲ್ಲಿ ಸೋರಿಕೆ ನಿಜ. ಕ್ರೋನ್ಸ್ ಇದ್ದವರ ಆರೋಗ್ಯವಂತ ಒಡಹುಟ್ಟಿದವರು, ಮಕ್ಕಳಲ್ಲಿ ಸೋರಿಕೆ ಹೆಚ್ಚಿದ್ದವರಿಗೆ ಮುಂದೆ ಆ ರೋಗ ಬರುವ ಸಂಭವವೂ ಹೆಚ್ಚು. ಒಪ್ಪಿದೆ. ಅದರಿಂದ ಪೌಡರಿಗೆ ಎಂತ ಸಿಕ್ಕಿತು? ಸಂದಿ ಬಿಗಿಯಲೆಂದೇ ತಯಾರಾದ ಲರಾಜೊಟೈಡ್ ಎಂಬ ಔಷಧದ ಮೂರನೇ ಹಂತದ ಸೀಲಿಯಾಕ್ ಪ್ರಯೋಗವೇ 2022ರಲ್ಲಿ ಅರ್ಧಕ್ಕೆ ನಿಂತಿತು.

ಇನ್ನು ಸೋರಿಕೆ ಅಳೆಯುತ್ತದೆಂದು ಮಾರುವ ‘ಜೊನುಲಿನ್ ಟೆಸ್ಟ್’. ಜೊನುಲಿನ್ ಎಂದರೆ ಆ ಸಂದಿಗಳನ್ನು ಸಡಿಲಿಸುವ ಪ್ರೋಟೀನು. ಮಾರುಕಟ್ಟೆಯ ಕಿಟ್‌ಗಳು ಜೊನುಲಿನ್ ಬಿಟ್ಟು ಬೇರೆ ಪ್ರೋಟೀನು ಹಿಡಿಯುತ್ತವೆ ಎಂದು ಸಂಶೋಧಕರೇ ತೋರಿಸಿದ್ದಾರೆ. ಸಂಶೋಧನೆಯಲ್ಲಿ ಬಳಸುವ ಹಳೆಯ ಕ್ರಮ ಬೇರೆ: ಖಾಲಿ ಹೊಟ್ಟೆಗೆ ಲ್ಯಾಕ್ಟುಲೋಸ್, ಮ್ಯಾನಿಟಾಲ್ ಎಂಬ ಎರಡು ಬಗೆಯ ಸಕ್ಕರೆ ಕುಡಿಸಿ, ಐದಾರು ಗಂಟೆಯ ಮೂತ್ರ ಹಿಡಿದು ಅವೆರಡರ ಅನುಪಾತ ನೋಡುವುದು. ದೊಡ್ಡ ಕಣದ ಲ್ಯಾಕ್ಟುಲೋಸ್ ಹೆಚ್ಚು ಬಂದರೆ ಸೋರಿಕೆ. ಕಷ್ಟದ ಕೆಲಸ, ಅದಕ್ಕೇ ಜಾಹೀರಾತಿಲ್ಲ.

ದೊಡ್ಡ ಕರುಳಿನ ಕೋಶಗಳಿಗೆ ಆಹಾರವಾಗಿ ಬೇಕಾದ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ನಾರಿನಂಶದಿಂದ ಬರುತ್ತದೆ. ಅಲಸಂಡೆ, ಬಾಳೆದಂಡು, ಕುಚ್ಚಲಕ್ಕಿ ಸಾಕು. ಡಬ್ಬಕ್ಕೆ ದುಡ್ಡು ಸುರಿಯಬೇಡಿ. ನೋವಿನ ಮಾತ್ರೆ ಕಡಿಮೆ ಮಾಡುವ ಬಗ್ಗೆ ಡಾಕ್ಟರನ್ನು ಕೇಳಿ. ಹೃದಯಕ್ಕೆ ಬರೆದುಕೊಟ್ಟ ಆಸ್ಪಿರಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಮಂಗಳೂರಿಗಾದರೂ ಹೋಗಿ ತೋರಿಸಿ. ಸೀಲಿಯಾಕ್ ಸಂಶಯವಿದ್ದರೆ ಗೋಧಿ ಬಿಡುವ ಮೊದಲೇ ಟಿಟಿಜಿ-ಐಜಿಎ ರಕ್ತಪರೀಕ್ಷೆ ಮಾಡಿಸಿ. ಬಿಟ್ಟು ತಿಂಗಳುಗಳಾದ ಮೇಲೆ ಮಾಡಿಸಿದರೆ ರೋಗವಿದ್ದರೂ ರಿಪೋರ್ಟಿನಲ್ಲಿ ಕಾಣದೇ ಹೋಗಬಹುದು.