ಸಾಫ್ಟಿಗೂ ಥ್ಯಾಚರಮ್ಮನಿಗೂ ಏನ್ರೀ ಸಂಬಂಧ?

ಮತ್ತೆ ಬಂತು ನೋಡಿ ಆ ಫಾರ್ವರ್ಡು. ಬೆಳಿಗ್ಗೆಯಿಂದ ಮೂರು ಗ್ರೂಪಿನಲ್ಲಿ. ಸಾಫ್ಟಿ ಐಸ್‌ಕ್ರೀಮ್ ಕಂಡುಹಿಡಿದದ್ದು ಬ್ರಿಟನ್ನಿನ ಪ್ರಧಾನಿ ಆಗಿದ್ದ ಮಾರ್ಗರೆಟ್ ಥ್ಯಾಚರ್ ಅಂತೆ! ಕೆಳಗೆ ಸಾಲುಸಾಲು ಚಪ್ಪಾಳೆ. ಮೆಷಿನ್ ವಿಷಯಕ್ಕೆ ಬಂದರೆ ನಾನು ಸುಮ್ಮನಿರೋ ಆಸಾಮಿ ಅಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ.

"ಅವರು ಕೆಮಿಸ್ಟ್ ಆಗಿದ್ದದ್ದು ನಿಜ ತಾನೇ?" ನಿಜ. 1949ರಿಂದ 1951ರವರೆಗೆ ಜೆ. ಲಯನ್ಸ್ ಕಂಪನಿಯಲ್ಲಿದ್ದರು. ಆ ಕಾಲದ ಕೆಲಸದಿಂದ ಅವರ ಹೆಸರಲ್ಲಿ ಬಂದ ಪ್ರಬಂಧ ಇರೋದು ಮೋನೋಸ್ಟಿಯರಿನ್ ಅನ್ನೋ ಜಿಡ್ಡು ಸಾಬೂನಾಗೋ ಕ್ರಿಯೆ ಬಗ್ಗೆ. ಆ ಪದಾರ್ಥ ಐಸ್‌ಕ್ರೀಮಿಗೂ ಬೀಳುತ್ತೆ, ಒಪ್ಪಿದೆ. ಆದರೆ ಉಪ್ಪು ಮಾರಿದವನೇ ಸಾರು ಕಂಡುಹಿಡಿದ ಅಂದ್ರೆ ಹೇಗ್ರೀ? ಅವರು ಕೆಲಸಕ್ಕೆ ಸೇರೋ ಹೊತ್ತಿಗೆ ಅಮೆರಿಕದವರು ಹತ್ತು ವರ್ಷದಿಂದ ಸಾಫ್ಟಿ ನೆಕ್ಕುತ್ತಿದ್ದರು.

ನನ್ನ ತಕರಾರು ಥ್ಯಾಚರಮ್ಮನ ಮೇಲಲ್ಲ. ಎಲ್ಲರೂ ದೊಡ್ಡ ಹೆಸರು ಹುಡುಕ್ತಾರೆ, ಮೆಷಿನ್ ಕಡೆ ಒಬ್ಬರೂ ತಿರುಗಿ ನೋಡಲ್ಲ. ಐಸ್‌ಕ್ರೀಮ್ ಗಾಡಿಯ ಟಾಮ್ ಕಾರ್ವೆಲ್ ಕಥೆ ಕೇಳಿರ್ತೀರಿ: 1934, ನ್ಯೂಯಾರ್ಕ್ ಹತ್ತಿರದ ಹಾರ್ಟ್ಸ್‌ಡೇಲ್, ಗಾಡಿ ಪಂಕ್ಚರ್, ಕರಗ್ತಿದ್ದ ಐಸ್‌ಕ್ರೀಮೇ ಬಿಸಿ ದೋಸೆ ಹಾಗೆ ಖರ್ಚಾಯ್ತು. ಚಂದದ ಕಥೆ, ನನಗೂ ಇಷ್ಟ. ಅದಕ್ಕೂ ಮುಂಚೆ, 1926ರಲ್ಲಿ, ಬಫಲೋ ಊರಿನ ಚಾರ್ಲ್ಸ್ ಟೇಲರ್ ಅಂಗಡಿಯ ಕೌಂಟರ್ ಮೇಲೆ ಕೂರೋ ಫ್ರೀಜರ್, ಅಂದ್ರೆ ಐಸ್‌ಕ್ರೀಮ್ ತಯಾರಿಸೋ ಮೆಷಿನ್, ಮಾಡಿದ್ದ. ಅವನ ಬಗ್ಗೆ ಯಾವ ಗ್ರೂಪಿನಲ್ಲಾದರೂ ಫಾರ್ವರ್ಡ್ ಬಂದಿದೆಯಾ?

ಅಮೆರಿಕದಲ್ಲಿ ಐಸ್‌ಕ್ರೀಮ್ ವ್ಯಾಪಾರ ಮಾಡ್ತಿದ್ದ ಮಕಲಾ ಅನ್ನೋ ಅಪ್ಪ-ಮಗನಿಗೆ ಒಂದು ವಿಷಯ ಹೊಳೆದಿತ್ತು. ವಿಪರೀತ ತಣ್ಣಗಿದ್ರೆ ನಾಲಿಗೆ ಮರಗಟ್ಟಿ ರುಚಿ ಸಾಯುತ್ತೆ, ಗಟ್ಟಿಯಾಗೋಕೆ ಮುಂಚೆ ತಿಂದ್ರೇನೇ ಚೆನ್ನ. 1938ರ ಆಗಸ್ಟ್ 4ರಂದು ಇಲಿನಾಯ್‌ನ ಕ್ಯಾಂಕಕೀಯಲ್ಲಿ 10 ಸೆಂಟಿಗೆ ಎಷ್ಟು ಬೇಕಾದ್ರೂ ತಿನ್ನಿ ಅಂತ ಬೋರ್ಡ್ ಹಾಕಿದರು. ಎರಡೇ ಗಂಟೆಯಲ್ಲಿ 1,600ಕ್ಕೂ ಹೆಚ್ಚು ಸಲ ಬಡಿಸಿದರು. ಆದರೆ ಹಳೇ ಫ್ರೀಜರ್ ಒಂದು ಘಾಣ ಮಾಡಿ ಪೂರ್ತಿ ಖಾಲಿ ಮಾಡೋ ಥರದ್ದು. ತೆಗೆದಿಟ್ಟರೆ ಕರಗುತ್ತೆ, ಫ್ರಿಜ್ಜಿನಲ್ಲಿಟ್ಟರೆ ಕಲ್ಲಾಗುತ್ತೆ. ಗಿರಾಕಿ ಬಂದಷ್ಟೂ ಎಳೆದುಕೊಡೋ ಯಂತ್ರ ಬೇಕಿತ್ತು. ಅದು ಸಿಕ್ಕಿದ್ದು ಹ್ಯಾಂಬರ್ಗರ್ ಅಂಗಡಿ ಇಟ್ಟಿದ್ದ ಹ್ಯಾರಿ ಓಲ್ಟ್ಸ್ ಹತ್ತಿರ. 1939ರಲ್ಲಿ ಒಪ್ಪಂದ, 1940ರ ಜೂನ್ 22ಕ್ಕೆ ಜೋಲಿಯೆಟ್‌ನಲ್ಲಿ ಮೊದಲ ಡೇರಿ ಕ್ವೀನ್ ಸಾಫ್ಟಿ ಅಂಗಡಿ. ಹೆಸರು ಮಾಡಿದ್ದು ಅಂಗಡಿ. ಓಲ್ಟ್ಸ್ ಯಾರು ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ.

ಅಷ್ಟಕ್ಕೂ ಒಳಗಿರೋದೇನು? ಮೇಲೆ ಹಾಪರ್, ಅಂದ್ರೆ ಮಿಕ್ಸ್ (ಐಸ್‌ಕ್ರೀಮ್ ಆಗೋ ಹಾಲಿನ ದ್ರವ) ಸುರಿಯೋ ತೊಟ್ಟಿ, ಕೆಳಗೆ ಸ್ಟೀಲಿನ ಸಿಲಿಂಡರ್, ಅದರ ಸುತ್ತ ತಣ್ಣಗಾಗಿಸೋ ಗ್ಯಾಸು. ಸಿಲಿಂಡರಿನ ಒಳಗೋಡೆಗೆ ಮಿಕ್ಸ್ ತೆಳ್ಳಗೆ ಹೆಪ್ಪುಗಟ್ಟುತ್ತೆ, ಒಳಗೆ ತಿರುಗೋ ಬೀಟರಿನ ಬ್ಲೇಡು ತಕ್ಷಣ ಹೆರೆದು ಹಾಕುತ್ತೆ. ಬ್ಲೇಡ್ ಮೊಂಡಾದ್ರೆ ಗೋಡೆಗೆ ಐಸಿನ ಪದರ ಕೂತು ಚಳಿ ಒಳಗೆ ಇಳಿಯೋದೇ ಇಲ್ಲ. ಆಗ ಕಂಪ್ರೆಸರ್ ಓಡ್ತಾನೇ ಇರುತ್ತೆ, ಕೋನಿಗೆ ಬೀಳೋದು ಮಾತ್ರ ಗಂಜಿ. ಪಂಪಿಲ್ಲದ ಮೆಷಿನ್ನಿನಲ್ಲಿ ಹಾಪರ್ ತಳಕ್ಕೆ ಸಿಕ್ಕಿಸೋ ಗಾಳಿಯ ಟ್ಯೂಬ್ ಇರುತ್ತೆ. ಒಂದು ಲೀಟರ್ ಮಿಕ್ಸಿಗೆ ಸುಮಾರು ಮುನ್ನೂರು ನಾನೂರು ಎಂಎಲ್ ಗಾಳಿ ಸೇರಬೇಕು. ಹಾಪರ್ ಬರಿದಾದ್ರೆ ಗಾಳಿ ಜಾಸ್ತಿ ನುಗ್ಗಿ ನಲ್ಲಿ ಪಟಪಟ ಉಗುಳುತ್ತೆ. ಹೊರಗೆ ಬರುವಾಗ ಮೈನಸ್ 6ರಿಂದ 8 ಡಿಗ್ರಿ ಇರಬೇಕು. ಗಿರಾಕಿ ಇಲ್ಲದೆ ಗಂಟೆಗಟ್ಟಲೆ ಬೀಟರ್ ತಿರುಗಿದ್ರೆ? ಮೊಸರು ಕಡೆದ ಹಾಗೇ, ಬೆಣ್ಣೆ ಕಟ್ಟುತ್ತೆ. ಕೋನಿನಲ್ಲಿ ಹಳದಿ ಕಾಳು ಸಿಕ್ಕಿದ್ರೆ ಅದೇ ಕಾರಣ.

"ಮಿಕ್ಸ್ ಚೆನ್ನಾಗಿದ್ರೆ ಸಾಕು, ಮೆಷಿನ್ ಯಾವುದಾದ್ರೇನು" ಅನ್ನೋರೂ ಇದ್ದಾರೆ. ಅಂಥವರ ಮಿಕ್ಸನ್ನ ಒಂದು ದಿನ ಪಾತ್ರೆಯಲ್ಲಿ ಸುರಿದು ಫ್ರೀಜರಲ್ಲಿಟ್ಟು ನೋಡಿ. ಸುತ್ತಿಗೆ ಹತ್ತಿರ ಇಟ್ಕೊಳ್ಳಿ.

ಇನ್ನು "ಮೆಷಿನ್ ಕೆಟ್ಟಿದೆ" ಅನ್ನೋ ಬೋರ್ಡ್. ಎಷ್ಟೋ ಸಲ ಕೆಟ್ಟಿರೋದೇ ಇಲ್ಲ. ತನ್ನನ್ನು ತಾನೇ ಕಾಯಿಸಿಕೊಳ್ಳೋ ಮಾಡೆಲ್ಲುಗಳು ರಾತ್ರಿ ಮಿಕ್ಸನ್ನ 66 ಡಿಗ್ರಿಗೆ ಏರಿಸಿ, ಅರ್ಧ ಗಂಟೆ ಹಿಡಿದಿಟ್ಟು, ಮತ್ತೆ 5 ಡಿಗ್ರಿಗೆ ಇಳಿಸ್ತವೆ. ಒಟ್ಟು ಸುಮಾರು ನಾಲ್ಕು ಗಂಟೆ. ಹಾಪರಿನಲ್ಲಿ ಮಿಕ್ಸ್ ಹೆಚ್ಚುಕಮ್ಮಿ ಆದ್ರೆ ಲೆಕ್ಕ ತಪ್ಪಿ, ಬೆಳಿಗ್ಗೆ ಮೆಷಿನ್ ಲಾಕ್. ಆ ಲಾಕನ್ನ ಕಂಪನಿಯವರೇ ಬಂದು ತೆಗೀಬೇಕಾ, ಬೇರೆಯವರೂ ಬಿಚ್ಚಬಹುದಾ ಅಂತ ಅಮೆರಿಕದಲ್ಲಿ ದೊಡ್ಡ ಜಗಳ ಆಗಿ, 2024ರ ಅಕ್ಟೋಬರ್‌ನಲ್ಲಿ ರಿಪೇರಿಗಾಗಿ ಬಿಚ್ಚಬಹುದು ಅಂತ ಕಾಪಿರೈಟ್ ಕಾನೂನಿನಿಂದ ವಿನಾಯಿತಿ ಸಿಕ್ತು. ಮೆಷಿನ್ನಿನ ಚರಿತ್ರೆ ಇನ್ನೂ ನಡೀತಿದೆ ಮಾರಾಯ್ರೇ. ಫಾರ್ವರ್ಡ್ ಮಾತ್ರ 1951ರಲ್ಲೇ ನಿಂತಿದೆ.

ನಲ್ಲಿಯಿಂದ ಮಿಕ್ಸ್ ತೊಟ್ಟಿಕ್ತಾ ಇದ್ರೆ ಓ-ರಿಂಗ್ (ಸೋರದಂತೆ ತಡೆಯೋ ರಬ್ಬರ್ ಬಳೆ) ಹೋಗಿದೆ ಅಂತ ಅರ್ಥ. ಬಿಚ್ಚಿ ತೊಳೆದಾಗಲೆಲ್ಲ ತಿನ್ನೋ ಪದಾರ್ಥಕ್ಕೆ ತಾಗಿದರೂ ಪರವಾಗಿಲ್ಲ ಅನ್ನೋ ಗ್ರೀಸನ್ನೇ ಸವರಬೇಕು, ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ? ಥ್ಯಾಚರಮ್ಮನಿಗೇ ಫಾರ್ವರ್ಡ್ ಮಾಡಿ ಕೇಳಿ.