ಕೆಲಸ ಹಾಗೇ ಇದೆ, ಸಂಬಳ ಎಲ್ಲಿ ಹೋಯಿತು?

ದಾವಣಗೆರೆಯಲ್ಲಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದುತ್ತಿರುವ ಮಕ್ಕಳನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಅಪ್ಪ ಮಂಡಿಪೇಟೆಯಲ್ಲಿ ಹಮಾಲಿ, ಮಗಳು ಬ್ಯಾಂಕ್ ಕ್ಲರ್ಕ್. ಒಂದು ತಲೆಮಾರಿನಲ್ಲಿ ಮನೆ ದಡ ಸೇರಿಸುತ್ತಿದ್ದ ಕೆಲಸ ಅದು. ಈಗ ಆ ಕುರ್ಚಿಗಳೇ ಕಮ್ಮಿ ಆಗುತ್ತಿವೆ.

2017ರಲ್ಲಿ ಮೈಸೂರು ಬ್ಯಾಂಕ್ ಎಸ್‌ಬಿಐಗೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ಗೆ. ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ ಅನ್ನೋ ಹೆಸರಂತೂ 2005ರಲ್ಲೇ ಹೋಯಿತು. ಯಾರ ಕೆಲಸವೂ ಹೋಗಲ್ಲ ಅಂದರು. ಆದರೆ ನಿವೃತ್ತರಾದವರ ಜಾಗಕ್ಕೆ ಎಷ್ಟೋ ಕಡೆ ಹೊಸಬರು ಬರಲೇ ಇಲ್ಲ.

ಪಿಗ್ಮಿಯವರ ಕಥೆ ಇನ್ನೂ ಕಷ್ಟ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಪದ್ಧತಿ ಅದು. ದಿನಾ ಅಂಗಡಿ ಅಂಗಡಿ ಸುತ್ತಿ, ಹತ್ತು ಇಪ್ಪತ್ತು ರೂಪಾಯಿ ಕಟ್ಟಿಸಿಕೊಂಡು ಬ್ಯಾಂಕಿಗೆ ತುಂಬಿದವರು ಅವರು. ಇವರೂ ಕಾರ್ಮಿಕರೇ ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಖಾಯಂ ನೌಕರರ ಸಂಬಳ ಸಿಗಲಿಲ್ಲ, ಬದುಕು ಕಮಿಷನ್ ಮೇಲೇ ನಡೆಯಿತು. ಈಗ ಚೌಕಿಪೇಟೆಯಲ್ಲಿ ಗಲ್ಲಾಪೆಟ್ಟಿಗೆಗೆ ಬೀಳುವ ನೋಟೇ ಕಮ್ಮಿ, ಎಲ್ಲಾ ಫೋನ್‌ಪೇ. ಪಿಗ್ಮಿಗೆ ಎತ್ತಿಡೋದು ಏನನ್ನು?

ಹಳ್ಳಿ ಕಡೆ ಈಗ ಬ್ಯಾಂಕ್ ಮಿತ್ರ ಬಂದಿದ್ದಾರೆ, ಅಂದರೆ ಬ್ಯಾಂಕಿನ ಪರವಾಗಿ ಊರಲ್ಲೇ ದುಡ್ಡು ಕೊಡುವವರು. ಜಗಳೂರು ಕಡೆಯ ಒಂದು ಊರಲ್ಲಿ ನೋಡಿದೆ. ಗೃಹಲಕ್ಷ್ಮಿ ದುಡ್ಡು ಬಿಡಿಸಿಕೊಳ್ಳಲು ಬಂದ ಅಜ್ಜಿಯ ಹೆಬ್ಬೆರಳು ಕಳೆ ಕಿತ್ತು ಸವೆದಿದೆ. ಮಷಿನ್ ಒಪ್ಪುತ್ತಿಲ್ಲ. ಅಜ್ಜಿ ಸೆರಗಿಗೆ ಬೆರಳು ಒರೆಸಿ ಮತ್ತೆ ಒತ್ತುತ್ತಾಳೆ. 'ಇನ್ನೊಂದು ಬೆರಳು ಇಡಬೇ' ಅಂತ ಬ್ಯಾಂಕ್ ಮಿತ್ರ ಹುಡುಗಿ ಬೇಸರ ಇಲ್ಲದೆ ಹೇಳುತ್ತಾಳೆ. ಅಷ್ಟರಲ್ಲಿ ಸರ್ವರ್ ಹೋಯಿತು. ದುಡ್ಡು ಬಂದರಷ್ಟೇ ಆ ಹುಡುಗಿಗೆ ಕಮಿಷನ್, ಅದರಲ್ಲೂ ಬ್ಯಾಂಕಿಗೂ ಅವಳಿಗೂ ನಡುವೆ ಇರುವ ಕಂಪನಿಗೆ ಪಾಲು. ಕೋಣೆ ಬಾಡಿಗೆ, ನೆಟ್ ಖರ್ಚು ಅವಳದೇ. ಅವಳು ಮಾಡುತ್ತಿರೋದು ಕ್ಯಾಷಿಯರ್ ಕೆಲಸ ಅಲ್ವಾ?

ಯುಪಿಐ ಬೇಡ ಅಂತ ನಾನು ಹೇಳುವುದಿಲ್ಲ. ದಿನಾ ಬಳಸುತ್ತೇನೆ, ಅನುಕೂಲ ಇದೆ. ಆದರೆ ಬ್ಯಾಂಕುಗಳು ಉಳಿಸಿದ ದುಡ್ಡಲ್ಲಿ ಈ ಹುಡುಗಿಗೆ ತಿಂಗಳಿಗಿಷ್ಟು ಅಂತ ಖಚಿತ ಸಂಬಳ, ಪಿಎಫ್ ಕೊಡಲಿ. ನಡುವಿನ ಕಂಪನಿ ಬಿಟ್ಟು ಬ್ಯಾಂಕೇ ನೇರವಾಗಿ ನೇಮಿಸಿಕೊಳ್ಳಲಿ. ಬ್ಯಾಂಕ್ ನೌಕರರ ಸಂಘದಲ್ಲಿರುವ ಗೆಳೆಯರೇ, ಮುಂದಿನ ಮುಷ್ಕರದಲ್ಲಿ ಈ ಬೇಡಿಕೆಯನ್ನು ಪಟ್ಟಿಯ ಮೊದಲಿಗೇ ಹಾಕಿ. ಅವತ್ತು ನಿಮ್ಮ ಜೊತೆ ನಾವು ಗ್ರಾಹಕರೂ ಬಂದು ನಿಲ್ಲುತ್ತೇವೆ.